ಗೆಡ್‌ನ ಕಂಬಳಿಕೊಪ್ಪೆ

ಊರಿನಲ್ಲಿ ನನ್ನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲವೆಂಬುದು ನನಗೆ ತಿಳಿದದ್ದು ಕೊರಿಯರ್ ಹುಡುಗನಿಂದ. ಅವನು ತೀರ್ಥಹಳ್ಳಿಯಿಂದ ಬೈಕಿನಲ್ಲಿ ಬಂದು, ನಮ್ಮ ಉಣುಗೋಲು ಸರಿಸಿ, ಅಂಗಳದಲ್ಲಿ ನಿಂತು ನನ್ನ ಹೆಸರನ್ನು ಇನಿಷಿಯಲ್ ಸಮೇತ ಗಟ್ಟಿಯಾಗಿ ಓದಿದನಂತೆ. ಅಡಿಕೆ ಹರವುತ್ತಿದ್ದ ದೊಡ್ಡಮ್ಮ ತಲೆಯನ್ನೂ ಎತ್ತದೆ, “ಆ ಹೆಸರಿನವರು ಇಲ್ಲಿ ಯಾರೂ ಇಲ್ಲ, ಘಟ್ಟದ ಕೆಳಗೆ ವಿಚಾರಿಸಪ್ಪ” ಎಂದರಂತೆ. ಹುಟ್ಟಿದಂದಿನಿಂದ ನಾನು ಮನೆಗೆ ಅಪ್ಪಿ, ಕೇರಿಗೆ ಅಪ್ಪಿ, ಸೊಸೈಟಿಯ ಗುಮಾಸ್ತರಿಗೂ ಅಪ್ಪಿ. ಹುಡುಗ ಫೋನ್ ಮಾಡಿ ನೋಡಿದ್ದಾನೆ. ಆ ಹೊತ್ತಿಗೆ ನಾನು ಗುಡ್ಡದ ಮೇಲೆ, ಸಿಗ್ನಲ್ ಸಿಗುವ ಏಕೈಕ ನೇರಳೆ ಮರದ ಬುಡದಲ್ಲಿ, ‘ನಿಮ್ಮ ಪಾರ್ಸೆಲ್ ಮನೆಯ ಸಮೀಪದಲ್ಲಿದೆ’ ಎಂಬ ಸಂದೇಶವನ್ನು ಓದಿ, ಸಂತೋಷದಿಂದ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಇಳಿಯತೊಡಗಿದ್ದೆ.

ಪಾರ್ಸೆಲ್ ಹಿಂದಕ್ಕೆ ಹೋಯಿತು. ಅದರೊಳಗಿದ್ದದ್ದು ಅರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿ 1968ರಲ್ಲಿ ಬರೆದ ‘ಎ ವಿಜರ್ಡ್ ಆಫ್ ಅರ್ಥ್‌ಸೀ’. ನೂರಾರು ದ್ವೀಪಗಳ ಆ ಲೋಕದಲ್ಲಿ ಪ್ರತಿಯೊಬ್ಬನಿಗೂ ಒಂದು ನಿಜನಾಮ, ಒಂದು ಕರೆಯುವ ಹೆಸರು. ನಿಜನಾಮ ತಿಳಿದವನ ಕೈಯಲ್ಲಿ ನಿಮ್ಮ ಜುಟ್ಟು. ಆದ್ದರಿಂದ ಅದನ್ನು ಪ್ರಾಣಸ್ನೇಹಿತನ ಹೊರತು ಯಾರಿಗೂ ಹೇಳುವಂತಿಲ್ಲ. ಕಥಾನಾಯಕನ ನಿಜನಾಮ ಗೆಡ್. ಲೋಕಕ್ಕೆ ಅವನು ಗಿಡುಗ. ದೊಡ್ಡಮ್ಮ ಪುಸ್ತಕದ ಒಂದು ಪುಟವನ್ನೂ ಓದದೆ ಅದರ ಮೊದಲ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಹೊಸ ಪ್ರತಿ ಏಕೆ ಬೇಕಾಯಿತೆಂದರೆ, ಹಳೆಯದರಲ್ಲಿ ಓದಲು ಉಳಿದದ್ದು ಕಡಿಮೆ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಫುಟ್‌ಪಾತಿನಲ್ಲಿ ಕೊಂಡ ಪುಸ್ತಕ ಅದು. ಅಟ್ಟದ ಮೇಲೆ ಹಲವು ಮಳೆಗಾಲಗಳನ್ನು ಕಂಡು, ಬೂಷ್ಟು ಹಿಡಿದು, ನೀರು ಕುಡಿದ ಅವಲಕ್ಕಿಯಂತೆ ಉಬ್ಬಿತ್ತು. ಮೇಲಾಗಿ ಗೆದ್ದಲು ನಡುವಿನ ಎರಡು ಅಧ್ಯಾಯಗಳನ್ನೂ ಕೊನೆಯ ಪುಟಗಳನ್ನೂ ಆಸ್ಥೆಯಿಂದ ಓದಿ ಮುಗಿಸಿತ್ತು. ಅಕ್ಕನ ಮಗಳು ಪುಟ್ಟಿ ಐದು ವರ್ಷದವಳಿದ್ದಾಗಿನಿಂದ ರಜೆಗೆ ಬಂದಾಗಲೆಲ್ಲ ನಾನು ಅವಳಿಗೆ ಈ ಕಥೆಯನ್ನು ಹೇಳುತ್ತಿದ್ದೆ. ಗೆದ್ದಲು ತಿಂದ ಜಾಗ ಬಂದಾಗ ಏನು ಮಾಡಬೇಕು? ಮಗು ಬಾಯಿ ತೆರೆದುಕೊಂಡು ಕೂತಿದೆ. ತುಂಬಿದೆ.

ಗೆದ್ದಲು ಮುಟ್ಟದ ಕಡೆಯೂ ಅಲ್ಪಸ್ವಲ್ಪ ತುಂಬಿದ್ದುಂಟು. ಗೆಡ್ ಹುಟ್ಟಿದ್ದು ಬೆಟ್ಟದ ದ್ವೀಪದಲ್ಲಿ, ಮೇಕೆ ಕಾಯುವ ಹುಡುಗನಾಗಿ. ಅವನಿಗೆ ಮೊದಲ ಮಂತ್ರ ಕಲಿಸಿದವಳು ತಾಯಿಯ ಸೋದರಿ, ಊರಿನ ಮಾಟಗಾತಿ. ಅವಳನ್ನು ನಮ್ಮ ದೊಡ್ಡಮ್ಮನನ್ನಾಗಿ ಮಾಡುವುದಕ್ಕೆ ನಾನು ವಿಶೇಷ ಶ್ರಮಪಡಬೇಕಾಗಲಿಲ್ಲ. ಶತ್ರುಗಳು ದಂಡೆತ್ತಿ ಬಂದಾಗ ಗೆಡ್ ಮಂಜು ಕವಿಸಿ ಊರನ್ನು ಉಳಿಸುತ್ತಾನೆ. ನಮ್ಮಲ್ಲಿ ಮಂಜಿಗೆ ಬರವೇ? ಅವನ ಗುರು ಓಗಿಯಾನ್ ಮಳೆಯನ್ನು ನಿಲ್ಲಿಸುವ ಶಕ್ತಿಯಿದ್ದರೂ ನಿಲ್ಲಿಸದೆ, ಮರದ ಕೆಳಗೆ ಸುಮ್ಮನೆ ಮಲಗಿಬಿಡುವ ಮಹಾನುಭಾವ. ಇದನ್ನು ಜುಲೈ ತಿಂಗಳಲ್ಲಿ ಹೇಳುವಾಗ ಗುರುವಿಗೂ ಶಿಷ್ಯನಿಗೂ ಒಂದೊಂದು ಕಂಬಳಿಕೊಪ್ಪೆ ಕೊಡದಿರಲು ನನ್ನ ಮನಸ್ಸು ಒಪ್ಪಲಿಲ್ಲ. ಗೆಡ್ ಸಾಕಿದ ಇಲಿಯಂಥ ಪುಟ್ಟ ಪ್ರಾಣಿ ಕೆಂದಳಿಲಾಯಿತು. ಕೊನೆಯಲ್ಲಿ ಅವನು ತನ್ನ ಗರ್ವದಿಂದಲೇ ಹೊರಬಂದ ಕರಿನೆರಳನ್ನು ನಡುಸಮುದ್ರದಲ್ಲಿ ಎದುರಿಸಿ, ಅದನ್ನು ತನ್ನದೇ ಹೆಸರಿನಿಂದ ಕೂಗುತ್ತಾನೆ. ಪುಟ್ಟಿ ಆಗಿನ್ನೂ ಸಮುದ್ರ ನೋಡಿರಲಿಲ್ಲ. ಸಿಗಂದೂರಿಗೆ ಹೋಗುವಾಗ ಶರಾವತಿಯ ಹಿನ್ನೀರನ್ನು ನೋಡಿದ್ದಳು. ಹೀಗಾಗಿ ಗೆಡ್ ಮತ್ತು ಅವನ ನೆರಳು ಮುಖಾಮುಖಿಯಾದದ್ದು ಆ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್‌ನಲ್ಲಿ, ಎರಡು ಜೀಪು ಮತ್ತು ಒಂದು ಬಸ್ಸಿನ ನಡುವೆ.

ಇಷ್ಟು ಹಿನ್ನೆಲೆ ಇದ್ದಾಗ, ಕಳೆದ ಕೊಯ್ಲಿನ ಸಮಯದಲ್ಲಿ ಭಾವ ಆಫೀಸಿನ ಪ್ರೊಜೆಕ್ಟರ್ ತಂದು, “ನಿನ್ನ ಗೆಡ್‌ನ ಕಾರ್ಟೂನ್ ಸಿನಿಮಾ ಇದೆಯಂತಲ್ಲ, ಅಡಿಕೆ ಸುಲಿಯುವಾಗ ಹಾಕೋಣ” ಎಂದರು. ನಾನು ಆ ಚಿತ್ರವನ್ನು ಹಿಂದೆಯೇ ಒಮ್ಮೆ ನೋಡಿ, ಮೂರು ದಿನ ಯಾರೊಂದಿಗೂ ಸರಿಯಾಗಿ ಮಾತನಾಡಿರಲಿಲ್ಲ. ಜಪಾನಿನ ಹೆಸರಾಂತ ಘಿಬ್ಲಿ ಸ್ಟುಡಿಯೊ 2006ರಲ್ಲಿ ತಂದ ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಅದು. ಅನಿಮೇಷನ್‌ನ ಭೀಷ್ಮ ಹಯಾವೊ ಮಿಯಾಝಾಕಿ 1980ರ ದಶಕದಲ್ಲೇ ಲೆ ಗ್ವಿನ್ ಅವರ ಅನುಮತಿ ಕೇಳಿದ್ದರು. ಅನಿಮೇಷನ್ ಎಂದರೆ ಡಿಸ್ನಿ ಮಾತ್ರ ಎಂದುಕೊಂಡಿದ್ದ ಆಕೆ ಬೇಡ ಎಂದರು. ವರ್ಷಗಳ ಮೇಲೆ ಮಿಯಾಝಾಕಿಯ ಚಿತ್ರ ನೋಡಿ ಮನಸ್ಸು ಕರಗಿ ಹೂಂ ಎಂದರೆ, ನಿರ್ದೇಶನಕ್ಕೆ ಕೂತದ್ದು ಮಗ ಗೊರೊ. ಅವನಿಗದು ಮೊದಲ ಚಿತ್ರ. ಅಪ್ಪನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಹೆಣ್ಣು ಕೊಡುವುದಿಲ್ಲವೆಂದು ಹಟ ಹಿಡಿದು, ಕೊನೆಗೊಮ್ಮೆ ಒಪ್ಪಿದಾಗ ಹಸೆಮಣೆಯ ಮೇಲೆ ಬೇರೆ ವರ ಕೂತಂತಾಯಿತು.

ಚಿಕ್ಕಪ್ಪನ ಬಿಳಿ ಪಂಚೆ ತೆರೆಯಾಯಿತು. ಜರಿಯಂಚು ಮೇಲೆ ಬಂತು. ಸುಲಿಯುವವರು ಮೆಟ್ಟುಗತ್ತಿಗಳನ್ನು ತೆರೆಯ ಕಡೆ ತಿರುಗಿಸಿಕೊಂಡು ಕೂತರು. ಮಾತು ಜಪಾನಿ ಭಾಷೆಯಲ್ಲಿ, ಕೆಳಗಿನ ಸಾಲುಗಳು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. “ಭಾಗವತರೇ, ಸ್ವಲ್ಪ ಏರು ದನಿಯಲ್ಲಿ ಆಗಲಿ” ಎಂದರು ಚಿಕ್ಕಪ್ಪ. ಅವರು ಯಕ್ಷಗಾನದ ಕಟ್ಟಾ ಅಭಿಮಾನಿ. ಪ್ರಸಂಗದ ಒಂದು ಪದ್ಯ ಬಿಟ್ಟರೆಂದು ನಡುರಾತ್ರಿ ಆಟದಿಂದ ಎದ್ದು ಬಂದು, ಮರುದಿನ ಮತ್ತೆ ಅದೇ ಮೇಳದ ಆಟಕ್ಕೆ ಮೊದಲ ಸಾಲಿನಲ್ಲಿ ಕೂತವರು.

ಮೊದಲಿಗೆ ಸಮುದ್ರದ ಮೇಲೆ ಎರಡು ಡ್ರ್ಯಾಗನ್‌ಗಳ ಕಾಳಗ. “ಒಡ್ಡೋಲಗ ಚೆನ್ನಾಗಿದೆ” ಎಂದರು ಚಿಕ್ಕಪ್ಪ. ನನಗೂ ಹುರುಪು ಬಂತು. ಆದರೆ ಮುಂದೇನಿದೆ ಎಂದು ನನಗೆ ಗೊತ್ತಿತ್ತಲ್ಲ. ಅರೆನ್ ಎಂಬ ರಾಜಕುಮಾರ ಅರಮನೆಯ ಕತ್ತಲ ಕಾರಿಡಾರಿನಲ್ಲಿ ತನ್ನ ತಂದೆಯನ್ನು ಇರಿದು ಕೊಲ್ಲುತ್ತಾನೆ. ಮೂಲದಲ್ಲಿ ಹೀಗಿಲ್ಲ! ಅರೆನ್ ಬರುವುದು 1972ರ ಮೂರನೆಯ ಪುಸ್ತಕದಲ್ಲಿ. ಅಲ್ಲಿ ತಂದೆಯೇ ಅವನನ್ನು ಕಳಿಸಿಕೊಡುತ್ತಾನೆ. ಲೆ ಗ್ವಿನ್ ಕೂಡ ಈ ಕೊಲೆಗೆ ಕಾರಣವೇ ಕಾಣುವುದಿಲ್ಲವೆಂದು ಆಕ್ಷೇಪಿಸಿದ್ದರು. ಮೂಲಕ್ಕೆ ನಿಷ್ಠನಾದ ನಾನು ಅನುವಾದದಲ್ಲೇ ತಿದ್ದಿಬಿಡೋಣವೆಂದು, “ರಾಜಕುಮಾರ ಹೊರಡುವ ಮೊದಲು ತಂದೆಯ ಆಶೀರ್ವಾದ ಪಡೆಯುತ್ತಿದ್ದಾನೆ” ಎಂದೆ. ಪಂಚೆಯ ಮೇಲೆ ರಾಜ ಕುಸಿದು ಬಿದ್ದ.

“ಇದೆಂಥ ಆಶೀರ್ವಾದ ಮಾರಾಯ?” ಎಂದರು ದೊಡ್ಡಮ್ಮ.

ಆಮೇಲೆ ನನ್ನ ಅನುವಾದವನ್ನು ಯಾರೂ ನಂಬಲಿಲ್ಲ. ನಿರ್ದೇಶಕನ ಅಪ್ಪನಿಗೆ ಮಗ ಸಿನಿಮಾ ಮಾಡುವುದು ಬೇಡವಾಗಿತ್ತು ಎಂದು ವಿವರಿಸಿದಾಗ ಮಾತ್ರ ಚಿಕ್ಕಪ್ಪ, “ಹಾಗಾದರೆ ಕಾರಣ ಇದೆಯಲ್ಲ!” ಎಂದು ತಲೆದೂಗಿ, ಕವಳ ಹಾಕಲು ಹೊರಗೆ ಹೋದರು. ಮೊದಲ ಪ್ರದರ್ಶನದ ನಡುವೆ ಮಿಯಾಝಾಕಿ ಕೂಡ ಎದ್ದು ಸಿಗರೇಟು ಸೇದಲು ಹೊರಗೆ ಹೋಗಿದ್ದು ಜಪಾನಿನ ಸಾಕ್ಷ್ಯಚಿತ್ರವೊಂದರಲ್ಲಿ ದಾಖಲಾಗಿದೆ. ಅಲ್ಲಿ ಸಿಗರೇಟು, ಇಲ್ಲಿ ಕವಳ.

ಪುಟ್ಟಿಯ ತಕರಾರುಗಳು ಬೇರೆ ಜಾತಿಯವು. ಗೆಡ್ ತೆರೆಗೆ ಬರುತ್ತಿದ್ದಂತೆಯೇ, “ಇವನಿಗೆ ಇಷ್ಟು ವಯಸ್ಸಾಗಿದ್ದು ಯಾವಾಗ?” ಎಂದಳು. ಇದು ಮುಂದಿನ ಪುಸ್ತಕಗಳ ಕಥೆ, ಅವನೀಗ ಮಹಾಮಾಂತ್ರಿಕ ಎಂದೆ. “ಬಣ್ಣ ಯಾಕೆ ಇಷ್ಟು ಬಿಳಿ?” ಈ ಪ್ರಶ್ನೆಗೆ ನನ್ನ ಎದೆ ಉಬ್ಬಿತು. ಮೂಲದಲ್ಲಿ ಗೆಡ್ ಕೆಂಪುಮಿಶ್ರಿತ ಕಂದು ಮೈಬಣ್ಣದವನು. ತನ್ನ ಪಾತ್ರಗಳಿಗೆ ಬಿಳಿ ಬಳಿಯುವುದರ ವಿರುದ್ಧ ಲೆ ಗ್ವಿನ್ 2004ರ ಟಿವಿ ಧಾರಾವಾಹಿಯ ಕಾಲದಲ್ಲೇ ಸಿಡಿದೆದ್ದಿದ್ದರು. ಶಿಷ್ಯೆ ತಯಾರಾಗಿದ್ದಾಳೆ ಎಂದು ಬೀಗುವಷ್ಟರಲ್ಲಿ ಮುಂದಿನ ಪ್ರಶ್ನೆ: “ಕಂಬಳಿಕೊಪ್ಪೆ ಎಲ್ಲಿ?”

ನಾನು ಕೆಮ್ಮಿದೆ.

ಆಗಲೇ ಕರೆಂಟು ಹೋಯಿತು. ಇನ್ವರ್ಟರ್ ಎರಡು ಬಲ್ಬನ್ನೂ ಪ್ರೊಜೆಕ್ಟರನ್ನೂ ಒಟ್ಟಿಗೆ ಹೊರಲಾರೆನೆಂದು ಕೀಂಕರಿಸಿದ್ದರಿಂದ ಬಲ್ಬುಗಳನ್ನು ಆರಿಸಿದೆವು. ಕತ್ತಲಲ್ಲಿ ಅಡಿಕೆ ಸುಲಿದರೆ ಬೆರಳು ಸುಲಿದೀತೆಂದು ಕೆಲಸ ನಿಂತಿತು. ಡಬ್ಬದ ಲೆಕ್ಕದಲ್ಲಿ ದುಡಿಯುವವರು ಕೈಕಟ್ಟಿ ಕೂರುವ ಹೊತ್ತಿಗೆ ಯಾರು ದುಡ್ಡು ಕೊಡುವವರು ಎಂದು ದೊಡ್ಡಮ್ಮ ನನ್ನನ್ನೇ ನೋಡಿ ಗೊಣಗಿದರು. ಊರಿನ ಹಾತೆಗಳೆಲ್ಲ ಉಳಿದ ಒಂದೇ ಬೆಳಕಿಗೆ ಮುತ್ತಿದವು. ಅದರಲ್ಲೊಂದು ಲೆನ್ಸಿನ ಮೇಲೆಯೇ ಕೂತು ರೆಕ್ಕೆ ಬಿಚ್ಚಿತು. ಪಂಚೆಯ ತುಂಬ ಕಪ್ಪು ರೆಕ್ಕೆ ಬಡಿಯತೊಡಗಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಆ ರಾತ್ರಿಯ ಅತ್ಯುತ್ತಮ ಡ್ರ್ಯಾಗನ್ ಅದೇ ಎಂಬುದು ಸರ್ವಾನುಮತದ ತೀರ್ಮಾನ.

ನ್ಯಾಯವಾಗಿ ಹೇಳಬೇಕೆಂದರೆ ಮೆಚ್ಚುಗೆಯೂ ಬಂತು. ಹಳೆಯ ಗೆಳತಿ ಟೆನಾರ್‌ಳ ಹೊಲದಲ್ಲಿ ಗೆಡ್ ಮತ್ತು ಅರೆನ್ ನೇಗಿಲು ಹೂಡುವ ದೃಶ್ಯವನ್ನು ಸುಲಿಯುವವರು ಕಣ್ಣಿಟ್ಟು ನೋಡಿ, ಸಾಲು ನೇರವಾಗಿದೆ ಎಂದು ಒಪ್ಪಿದರು. ನನಗೆ ಎಳೆದಂತೆ ಕಂಡಿದ್ದ ಜಾಗ ಅದು. ಖಳನಾಯಕ ಕಾಬ್ ಕೊನೆಯಲ್ಲಿ ಕಣ್ಣುಗುಳಿ ಕಪ್ಪಾಗಿ ಕರಗಿ ವಿಕಾರವಾದಾಗ ಒಳಗೆ ಬಂದಿದ್ದ ಚಿಕ್ಕಪ್ಪ, “ಬಣ್ಣದ ವೇಷ ಎಂದರೆ ಇದು” ಎಂದರು. ಇನ್ನು, ಮುಖ ಸುಟ್ಟ ಹುಡುಗಿ ತೆರ್ರು ಹುಲ್ಲುಗಾವಲಿನಲ್ಲಿ ಒಬ್ಬಳೇ ನಿಂತು ವಾದ್ಯವಿಲ್ಲದೆ ಹಾಡುವಾಗ ನಾನು ಅನುವಾದಕ್ಕೆ ಬಾಯಿ ತೆರೆದೆ. “ನೀನು ಸುಮ್ಮನಿರು” ಎಂದರು ದೊಡ್ಡಮ್ಮ. ಹಾಡು ಮುಗಿಯುವವರೆಗೆ ಹಾತೆ ಹಾರುವ ಸದ್ದೂ ಕೇಳುತ್ತಿತ್ತು.

ಸಿನಿಮಾ ಮುಗಿದ ಮೇಲೆ ನಾನು ಬಿಡಲಿಲ್ಲ. ಹಂಡೆಯ ಒಲೆಯ ಮುಂದೆ ಕೂತು, ಎಷ್ಟು ಪುಸ್ತಕಗಳನ್ನು ಕಲಸಿ ಹಾಕಿದ್ದಾರೆ, ಎಲ್ಲಿ ಎಡವಿದ್ದಾರೆ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಗೊರೊಗೆ ಲೆ ಗ್ವಿನ್ ಹೇಳಿದ್ದನ್ನೂ ಸೇರಿಸಿದೆ: ಇದು ನನ್ನ ಪುಸ್ತಕವಲ್ಲ, ನಿನ್ನ ಸಿನಿಮಾ, ಒಳ್ಳೆಯ ಸಿನಿಮಾ. “ಒಳ್ಳೆಯ ಸಿನಿಮಾ ಅಂದರಲ್ಲ, ಮತ್ತೇನು?” ಎಂದರು ಭಾವ. ಅದು ಸೌಜನ್ಯದ ಮಾತು, ಆಮೇಲೆ ಅವರು ವಿವರವಾಗಿ ಬೇಸರ ಹೇಳಿಕೊಂಡಿದ್ದಾರೆ ಎಂದೆ. ಭಾವ ಬೆಂಕಿಗೆ ಕೊತ್ತಳಿಗೆ ದೂಡುತ್ತ, “ಆರ್.ಕೆ. ನಾರಾಯಣ್ ಬರೆದ ಮಾಲ್ಗುಡಿ ಮದರಾಸಿನ ಕಡೆಯದು. ಶಂಕರ್‌ನಾಗ್ ಅದನ್ನು ಆಗುಂಬೆಯ ಮಳೆಗೆ ತಂದಾಗ ಊರಿನವರು ಯಾರಾದರೂ ತಕರಾರು ಮಾಡಿದಿರಾ? ಅರಸಾಳು ಸ್ಟೇಷನ್ನಿಗೆ ಮಾಲ್ಗುಡಿ ಮ್ಯೂಸಿಯಂ ಅಂತ ಬೋರ್ಡು ಹಾಕಿದಾಗ ನೀನೇ ಹೋಗಿ ಫೋಟೋ ತೆಗೆಸಿಕೊಂಡೆ” ಎಂದರು. ಅದು ಬೇರೆ ವಿಷಯ ಎಂದೆ. ಹೇಗೆ ಬೇರೆ ಎಂದು ಅವರು ಕೇಳಲಿಲ್ಲ, ದೇವರು ದೊಡ್ಡವನು.

ಪುಟ್ಟಿ ಮಾತ್ರ ಅಂದೇ ನಿರ್ಧರಿಸಿದ್ದಳು: ಜಪಾನಿನವರು ಕಂಬಳಿಕೊಪ್ಪೆ, ಕೆಂದಳಿಲು, ಲಾಂಚ್ ಎಲ್ಲವನ್ನೂ ಕತ್ತರಿಸಿದ್ದಾರೆ, ಮೂಲವನ್ನೇ ಓದಬೇಕು. ಪಾರ್ಸೆಲ್ ಕಥೆ ಶುರುವಾದದ್ದು ಹೀಗೆ. ವಾಪಸಾಗಿದ್ದ ಅದನ್ನು ತೀರ್ಥಹಳ್ಳಿಗೆ ಹೋಗಿ ಆಧಾರ್ ಕಾರ್ಡು ತೋರಿಸಿ ಬಿಡಿಸಿಕೊಳ್ಳುವಾಗ ಅವಳೂ ಜೊತೆಗಿದ್ದಳು. ಪೊಟ್ಟಣದ ಮೇಲಿನ ನನ್ನ ಹೆಸರನ್ನು ಎರಡು ಸಲ ಓದಿ, “ಇದು ನೀನಾ ಮಾವ?” ಎಂದು ಬಸ್‌ಸ್ಟ್ಯಾಂಡಿನವರೆಗೂ ನಕ್ಕಳು.

ಹದಿನೈದು ದಿನಗಳ ಮೇಲೆ ಶಿವಮೊಗ್ಗದಿಂದ ಫೋನ್ ಬಂತು. ಅಂದರೆ, ನಾನು ನೇರಳೆ ಮರದ ಕೆಳಗೆ ಹೋದಾಗ ಹನ್ನೊಂದು ತಪ್ಪಿದ ಕರೆಗಳು ಒಟ್ಟಿಗೆ ಇಳಿದವು.

“ಮಾವ, ಪುಸ್ತಕದಲ್ಲೂ ಲಾಂಚ್ ಇಲ್ಲ.”

ಮುದ್ರಣದ ತಪ್ಪಿರಬಹುದು ಎಂದೆ.

“ಕೊಪ್ಪೆಯೂ ಇಲ್ಲ. ಆ ಪ್ರಾಣಿ ಅಳಿಲಲ್ಲ, ಇಲಿಯ ಹಾಗಿದೆ. ಅದು ನಡುವೆ ಸತ್ತೇ ಹೋಗುತ್ತದೆ. ನೀನು ಹೇಳಿದ್ದರಲ್ಲಿ ಕೊನೆಯವರೆಗೂ ಹಲಸಿನ ಬೀಜ ತಿನ್ನುತ್ತಿತ್ತು!”

ಅದು ಸತ್ತದ್ದು ನನಗೆ ಚೆನ್ನಾಗಿ ನೆನಪಿತ್ತು. ಆ ಪುಟವನ್ನು ಗೆದ್ದಲು ಮುಟ್ಟಿರಲಿಲ್ಲ. ಐದು ವರ್ಷದ ಮಗು ಮಲಗುವ ಹೊತ್ತಿನಲ್ಲಿ ಅದನ್ನು ಹೇಗೆ ಸಾಯಿಸುವುದು? ಇದನ್ನು ವಿವರಿಸುವ ಮೊದಲೇ ಸಿಗ್ನಲ್ ಹೋಯಿತು. ಜೀವನದಲ್ಲಿ ಮೊದಲ ಬಾರಿಗೆ ನಾನು ಮೊಬೈಲ್ ಟವರಿಗೆ ಕೃತಜ್ಞನಾದೆ.

ಮೊನ್ನೆ ರಜೆಗೆ ಬಂದಾಗ ಪುಟ್ಟಿ ಜಗಲಿಯಲ್ಲಿ ತಮ್ಮನನ್ನು ಕೂರಿಸಿಕೊಂಡು ಗೆಡ್‌ನ ಕಥೆ ಹೇಳುತ್ತಿದ್ದಳು. ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಕೊಪ್ಪೆ ಇತ್ತು, ಕೆಂದಳಿಲು ಬದುಕಿತ್ತು, ಲಾಂಚ್ ಹೊಳೆಬಾಗಿಲಿನಿಂದ ಹೊರಟಿತ್ತು. ಆದರೆ ಲಾಂಚ್‌ನಲ್ಲೀಗ ಕಂಡಕ್ಟರ್ ಒಬ್ಬ ಸೇರಿಕೊಂಡಿದ್ದ. ನೆರಳಿಗೂ ಟಿಕೆಟ್ ತೆಗೆಸಬೇಕೆಂದು ಅವನು ಗೆಡ್‌ನ ಜೊತೆ ಜಗಳಕ್ಕೆ ನಿಂತಿದ್ದ. ನನಗೆ ತಡೆಯಲಾಗಲಿಲ್ಲ. “ಪುಟ್ಟಿ, ಕಂಡಕ್ಟರ್ ಈ ಕಥೆಯಲ್ಲಿ ಇಲ್ಲವೇ ಇಲ್ಲ” ಎನ್ನುತ್ತ ಮುಂದೆ ಬಂದೆ.

ಅವಳು ತಿರುಗಿ ನೋಡಿ, ಇನಿಷಿಯಲ್ ಸಮೇತ ನನ್ನ ಪೂರ್ತಿ ಹೆಸರು ಹಿಡಿದು ಕರೆದಳು. ನಾನು ನಿಂತಲ್ಲೇ ನಿಂತೆ.