ಬಿಳಿ ಕ್ಯಾನ್ವಾಸನ್ನು ಮೊದಲು ಕೊಳೆ ಮಾಡಿ

ಹೋದ ವರ್ಷ ಬೇಸಿಗೆ ರಜೆಯಲ್ಲಿ ಇಲ್ಲೇ ತುಮಕೂರಿನಲ್ಲಿ ಒಂದು ದಿನದ ಪೇಂಟಿಂಗ್ ಕ್ಲಾಸಿಗೆ ಹೋಗಿದ್ದೆ. ಫೀಸು 1,200 ರೂಪಾಯಿ. ಕ್ಯಾನ್ವಾಸ್, ಬಣ್ಣ, ಬ್ರಷ್ಷು, ಮಧ್ಯಾಹ್ನದ ಪಲಾವ್ ಎಲ್ಲಾ ಅದರಲ್ಲೇ. ಸಂಜೆ ಐದಕ್ಕೆ ನಾವು ಹದಿನೆಂಟು ಜನ ಒಂದೇ ಸೂರ್ಯಾಸ್ತ ಹಿಡಿದುಕೊಂಡು ಹೊರಗೆ ಬಂದೆವು. ಅದೇ ಕಿತ್ತಳೆ ಆಕಾಶ, ಅದೇ ಕಪ್ಪು ತೆಂಗಿನಮರ, ಎಲ್ಲರದ್ದೂ ಎಡಕ್ಕೇ ವಾಲಿದ್ದು. ಗ್ರೂಪ್ ಫೋಟೊದಲ್ಲಿ ನನ್ನದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ತಿಪಟೂರಿನ ಕೊಬ್ಬರಿ ತಿಂದು ಬೆಳೆದವಳು, ಕೊನೆಗೆ ಬರೆದಿದ್ದು ಯಾವುದೋ ಸಮುದ್ರದ ದಡದ ತೆಂಗಿನಮರ!

ಮೊನ್ನೆ ನಾನು ಬರೆದ ಒಂದು ತೆಂಗಿನಕಾಯಿ ಹೋಳಿನ ಚಿತ್ರ ಇಲ್ಲಿ ಹಾಕಿದ ಮೇಲೆ ಸುಮಾರು ಜನ ಇನ್‌ಬಾಕ್ಸಿಗೆ ಬಂದು ಕೇಳಿದರು. ಏನೇನು ತಗೋಬೇಕು, ಎಲ್ಲಿಂದ ಶುರು ಮಾಡಬೇಕು ಅಂತ. ನಾನು ಕಲಾವಿದೆ ಏನಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಒಂದು ವರ್ಷ ದುಡ್ಡು ಹಾಳು ಮಾಡಿಕೊಂಡ ಅನುಭವ ಇದೆ, ಅಷ್ಟೆ. ಅದನ್ನೇ ಹೇಳುತ್ತೇನೆ.

ಮೊದಲನೇ ದಂಡ, 24 ಬಣ್ಣದ ಸೆಟ್ಟು. ದಯವಿಟ್ಟು ತಗೋಬೇಡಿ. ಅದರಲ್ಲಿ ಹಸಿರೇ ನಾಲ್ಕು ಥರ ಇತ್ತು. ನಮ್ಮ ಹಿತ್ತಲಿನ ಬಾಳೆ ಎಲೆಯ ಹಸಿರು ಮಾತ್ರ ಒಂದರಲ್ಲೂ ಇರಲಿಲ್ಲ. ಟ್ಯೂಬಿನಲ್ಲಿ ಎಲ್ಲಾ ಸಿದ್ಧವಾಗಿ ಸಿಕ್ಕರೆ ಯಾರೂ ಬಣ್ಣ ಬೆರೆಸುವುದಿಲ್ಲ. ಗೈಡ್ ಇಟ್ಟುಕೊಂಡು ಲೆಕ್ಕ ಮಾಡುವ ಹುಡುಗರ ಕಥೆ ನನಗೆ ಗೊತ್ತಿಲ್ಲವಾ! ಈಗ ನನ್ನ ಹತ್ತಿರ ಇರುವುದು ಆರೇ: ಟೈಟೇನಿಯಂ ವೈಟ್, ಅಲ್ಟ್ರಾಮರೀನ್ ಬ್ಲೂ, ಬರ್ನ್ಟ್ ಸಿಯೆನ್ನಾ (ಕೆಂಪುಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಲೆಮನ್ ಯೆಲ್ಲೋ, ಕ್ರಿಮ್ಸನ್ (ಕಡುಗೆಂಪು). ಬಿಳಿ ಬೇಗ ಖಾಲಿಯಾಗುತ್ತದೆ, ಅದೊಂದು ದೊಡ್ಡ ಟ್ಯೂಬ್ ಇರಲಿ. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಪ್ಪಿಗೆ ತೀರಾ ಹತ್ತಿರದ ಬಣ್ಣ ಬರುತ್ತದೆ. ನೀಲಿ ಜಾಸ್ತಿ ಮಾಡಿದರೆ ತಣ್ಣಗಿನ ನೆರಳು, ಕಂದು ಜಾಸ್ತಿ ಮಾಡಿದರೆ ಬೆಚ್ಚಗಿನ ನೆರಳು. ಟ್ಯೂಬಿನ ಕಪ್ಪು ಬಳಿದರೆ ಚಿತ್ರದಲ್ಲಿ ತೂತು ಬಿದ್ದ ಹಾಗೆ ಕಾಣುತ್ತದೆ.

ಎರಡನೇ ದಂಡ, ಭಯ. ಕ್ಲಾಸಿನ ನಂತರ 10x12 ಇಂಚಿನ ಒಂದು ಕ್ಯಾನ್ವಾಸ್ ತಂದು ಜಗಲಿಯಲ್ಲಿ ಗೋಡೆಗೆ ಒರಗಿಸಿದ್ದೆ. ಎರಡು ವಾರ ಹಾಗೇ ಇತ್ತು. ದಿನಾ ನೋಡುವುದು, ಒಳಗೆ ಹೋಗುವುದು. ನಮ್ಮ ರಸ್ತೆಯ ಕೊನೆಯಲ್ಲಿ ಬೋರ್ಡ್ ಬರೆಯುವ ಯಜಮಾನರೊಬ್ಬರಿದ್ದಾರೆ. ಫ್ಲೆಕ್ಸ್ ಬರುವ ಮುಂಚೆ ಬಿ.ಎಚ್. ರಸ್ತೆಯ ಎಷ್ಟೋ ಅಂಗಡಿಗಳ ಹೆಸರು ಅವರ ಕೈಯಲ್ಲೇ ಬರೆಸಿದ್ದು. ಗೇಟಿಗೆ ಮನೆ ನಂಬರ್ ಬರೆಯಲು ಬಂದವರು ಜಗಲಿ ಕಡೆ ನೋಡಿದರು.

"ಯಾಕೆ ಮೇಡಮ್ಮೋರೆ, ಹಂಗೇ ಇಟ್ಬಿಟ್ಟಿದ್ದೀರಲ್ಲ?"

"ಹಾಳಾಗುತ್ತೇನೋ ಅಂತ ಭಯ ಯಜಮಾನ್ರೇ."

"ಅಂಗಳ ಸಾರಿಸ್ದೆ ರಂಗೋಲಿ ಬಿಡ್ತೀರಾ ನೀವು? ಮೊದ್ಲು ಕೊಳೆ ಮಾಡ್ಬೇಕಮ್ಮಾ ಇದನ್ನ."

ಅಂದವರೇ ಬರ್ನ್ಟ್ ಸಿಯೆನ್ನಾ ಟ್ಯೂಬ್ ಹಿಂಡಿ, ನೀರು ಹಾಕಿ, ಹಳೇ ಬನಿಯನ್ ಚೂರಿನಿಂದ ಕ್ಯಾನ್ವಾಸಿಗೆಲ್ಲ ಉಜ್ಜಿದರು. ಎರಡು ನಿಮಿಷದ ಕೆಲಸ. ನಮ್ಮಜ್ಜಿ ಮನೆಯಲ್ಲಿ ಗೋಡೆ ಕೆಳಗೆ ಕೆಮ್ಮಣ್ಣು ಬಳಿಯುತ್ತಿದ್ದರಲ್ಲ, ಆ ಬಣ್ಣ ಬಂತು. ಹಾಳಾಗಬಾರದು ಅಂತ ಕಾಯ್ದುಕೊಂಡಿದ್ದು ಹಾಳಾಗಿಯೇ ಹೋಯಿತು. ಆಮೇಲೆ ಇನ್ನೇನು ಭಯ?

ಇದು ಬರೀ ಧೈರ್ಯ ಬರಲಿ ಅಂತ ಮಾಡುವ ಕೆಲಸ ಅಲ್ಲ. ಬಿಳಿ ಮೇಲೆ ಯಾವ ಬಣ್ಣ ಇಟ್ಟರೂ ಗಾಢವಾಗಿ ಕಾಣುತ್ತದೆ. ಹೆದರಿ ನಾವು ಎಲ್ಲವನ್ನೂ ತೆಳು ಮಾಡುತ್ತಾ ಹೋಗುತ್ತೇವೆ, ಕೊನೆಗೆ ಚಿತ್ರ ಸಪ್ಪೆ. ತಳ ನಡುಬಣ್ಣದ್ದಾದರೆ ಅದಕ್ಕಿಂತ ಬೆಳಕು ಯಾವುದು, ಕತ್ತಲು ಯಾವುದು ಅಂತ ಕಣ್ಣಿಗೆ ತಕ್ಷಣ ಸಿಗುತ್ತದೆ. ಯುರೋಪಿನ ಚಿತ್ರಕಾರರು ನೂರಾರು ವರ್ಷಗಳಿಂದ ಮಾಡಿಕೊಂಡು ಬಂದಿದ್ದೂ ಇದನ್ನೇ ಅಂತ ನನಗೆ ಆಮೇಲೆ ಗೊತ್ತಾಯಿತು.

ಆ ಕೆಂಪು ತಳದ ಮೇಲೆ ಬರೆದಿದ್ದೇ ಆ ತೆಂಗಿನಕಾಯಿ ಹೋಳು. ಶನಿವಾರ ಪೂಜೆಗೆ ಒಡೆದಿದ್ದನ್ನು ಅಡುಗೆಮನೆ ಕಿಟಕಿ ಹತ್ತಿರ ಸ್ಟೀಲ್ ತಟ್ಟೆಯಲ್ಲಿ ಇಟ್ಟೆ. ಕಾಯಿ ಅಂದರೆ ಬಿಳಿ ಅಂದುಕೊಂಡಿದ್ದೆ. ಕೂತು ನೋಡಿದರೆ ಬಿಳಿ ಎಲ್ಲಿದೆ? ಒಳಗಿನ ಗುಳಿ ಬೂದುನೀಲಿ, ಅರಿಶಿನ ತಾಗಿದ ಕಡೆ ಹಳದಿ, ತಟ್ಟೆಯ ಹೊಳಪು ಬಿದ್ದ ಕಡೆ ಇನ್ನೊಂದೇ. ನಿಜವಾದ ಬಿಳಿ ಇದ್ದಿದ್ದು ಅಂಚಿನಲ್ಲಿ, ಉಗುರಿನಷ್ಟು ಸಣ್ಣ ಗೆರೆ. ಆ ಒಂದು ಗೆರೆ ಎಳೆದಾಗ ಇಡೀ ಹೋಳು ಎದ್ದು ಕೂತಿತು. ಇನ್ನೊಂದು ಮಜಾ ಕೇಳಿ. ಕಾಯಿಗೂ ಚಿಪ್ಪಿಗೂ ನಡುವೆ ಕಂದು ಸಿಪ್ಪೆ ಇರುತ್ತದಲ್ಲ, ಅದನ್ನು ನಾನು ಬರೆಯಲೇ ಇಲ್ಲ. ಅಲ್ಲಿ ಯಜಮಾನರು ಉಜ್ಜಿದ ಬಣ್ಣವನ್ನೇ ಹಾಗೇ ಬಿಟ್ಟೆ.

ಈ ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದಾಗ ಚಿತ್ರಗಳ ಅಂಚನ್ನೇ ನೋಡುತ್ತಾ ನಿಂತಿದ್ದೆ. ಗೇಣುದೂರದಿಂದ ನೋಡಿದರೆ ತಳದ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ನೀವೂ ನೋಡಿ. ನಮ್ಮ ಶಿರಾ ರಸ್ತೆಯ ಸೀಬಿ ನರಸಿಂಹಸ್ವಾಮಿ ದೇವಸ್ಥಾನದ ಛಾವಣಿ ಚಿತ್ರಗಳನ್ನೂ ಹಾಗೇ ನೋಡಿ. ಅಲ್ಲಿ ಕ್ಯಾನ್ವಾಸ್ ಇಲ್ಲ, ಗಾರೆ. ಗಾರೆ ಉದುರಿದರೆ ಅದರ ಮೇಲಿನ ರಾಜನೂ ಹೋದ, ಆನೆಯೂ ಹೋಯಿತು.

ಕ್ಯಾನ್ವಾಸಿನ ಬಟ್ಟೆಗೂ ಅದೇ ಕಥೆ. ಬಟ್ಟೆ ಮೇಲೆ ನೇರ ಆಯಿಲ್ ಪೇಂಟ್ ಹಚ್ಚಿದರೆ ಎಣ್ಣೆ ನೂಲನ್ನು ನಿಧಾನಕ್ಕೆ ತಿಂದುಹಾಕುತ್ತದೆ. ಅದಕ್ಕೇ ಮಧ್ಯೆ ಜೆಸ್ಸೋ ಅಂತ ಬಿಳಿ ಲೇಪ. ಅಂಗಡಿಯಲ್ಲಿ ಸಿಗುವ ಕ್ಯಾನ್ವಾಸಿಗೆ ಸಾಮಾನ್ಯವಾಗಿ ಅದನ್ನು ಬಳಿದೇ ಇರುತ್ತಾರೆ. ನಾನು ಇನ್ನೊಂದು ಕೋಟ್ ಹಾಕಿ ಸ್ಯಾಂಡ್ ಪೇಪರ್ ಉಜ್ಜುತ್ತೇನೆ, ಬ್ರಷ್ಷು ಸಲೀಸಾಗಿ ಓಡುತ್ತದೆ. (ಕ್ಯಾನ್ವಾಸ್ ಅನ್ನುವ ಪದದ ಮೂಲ ಗಾಂಜಾ ಗಿಡದ ಲ್ಯಾಟಿನ್ ಹೆಸರು. ಮೊದಲು ಆ ಜಾತಿ ಗಿಡದ ನಾರಿನಿಂದಲೇ ನೇಯುತ್ತಿದ್ದರಂತೆ. ಇದನ್ನು ಹೇಳಿದಾಗಿನಿಂದ ನನ್ನ ಗಂಡ ನನ್ನ ಪೇಂಟಿಂಗನ್ನು "ನಿನ್ನ ಚಟ" ಅಂತಲೇ ಕರೆಯುತ್ತಾರೆ.)

ಆಯಿಲ್ಲಾ, ಅಕ್ರಿಲಿಕ್ಕಾ? ಶುರುವಿಗೆ ಅಕ್ರಿಲಿಕ್. ಆಯಿಲ್ ಒಣಗಲು ದಿನಗಟ್ಟಲೆ ಬೇಕು, ಟರ್ಪೆಂಟೈನ್ ವಾಸನೆ ಬೇರೆ. ಅಕ್ರಿಲಿಕ್ಕಿಗೆ ನೀರು ಸಾಕು. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಅದು ತಟ್ಟೆಯಲ್ಲೇ ಒಣಗಿ ಚಕ್ಕೆಯಾಗುತ್ತದೆ. ಇಸ್ತ್ರಿಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಪಕ್ಕದಲ್ಲಿರಲಿ. ಬ್ರಷ್ಷು ತೊಳೆಯದೆ ಫೋನ್ ಎತ್ತಿಕೊಂಡು ಹೋದರೆ ಮುಗಿಯಿತು. ನಾನು ಹಾಗೆ ಮೂರು ಬ್ರಷ್ಷು ಕಳೆದುಕೊಂಡಿದ್ದೇನೆ, ಮೂರೂ ಸಲ ಫೋನಿನಲ್ಲಿದ್ದಿದ್ದು ನಮ್ಮಕ್ಕನೇ. ಇನ್ನೊಂದು, ಅಕ್ರಿಲಿಕ್ ಬಣ್ಣದೊಳಗಿನ ಅಂಟು ಹಸಿಯಾಗಿದ್ದಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಅದಕ್ಕೇ ಬಣ್ಣ ಒಂದಿಷ್ಟು ಗಾಢವಾಗುತ್ತದೆ. ಬೆರೆಸುವಾಗಲೇ ಚೂರು ತಿಳಿ ಮಾಡಿಕೊಳ್ಳಿ.

"ನಿಮಗೆ ಕೈ ಬರುತ್ತೆ ಬಿಡಿ, ನಮಗೆಲ್ಲಿ" ಅನ್ನುವವರಿಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. ನನ್ನ ಮೊದಲ ನಾಲ್ಕು ಚಿತ್ರ ನೋಡಿದ್ದರೆ ಹಾಗನ್ನುತ್ತಿರಲಿಲ್ಲ.

ಆ ಸೂರ್ಯಾಸ್ತ ಏನಾಯಿತು ಅಂತೀರಾ? ಅದು ಅಕ್ರಿಲಿಕ್ಕೇ ಆದ್ದರಿಂದ ಮೇಲೆ ಎರಡು ಕೋಟ್ ಜೆಸ್ಸೋ ಬಳಿದೆ. (ಆಯಿಲ್ ಮೇಲೆ ಹೀಗೆ ಮಾಡಬೇಡಿ, ಹಿಡಿಯುವುದಿಲ್ಲ.) ಒಣಗಿದ ಮೇಲೆ ಬನಿಯನ್ ಚೂರಿನಲ್ಲಿ ಕೆಮ್ಮಣ್ಣಿನ ಬಣ್ಣ ಉಜ್ಜಿ, ಎರಡನೇ ಹೋಳು ಬರೆದೆ. ಈಗ ನಡುಮನೆಯಲ್ಲಿದೆ. ಕ್ಲಾಸಿನಲ್ಲಿ ಬಣ್ಣ ದಪ್ಪಗೆ ಮೆತ್ತಿಸಿದ್ದರಲ್ಲ, ಸಂಜೆ ಕಿಟಕಿಯಿಂದ ಓರೆಬೆಳಕು ಬಿದ್ದಾಗ ತೆಂಗಿನಕಾಯಿ ಮೇಲೆ ಅಡ್ಡಕ್ಕೆ ಆ ಹಳೇ ಮರದ ಉಬ್ಬು ಕಾಣುತ್ತದೆ. ಎಡಕ್ಕೇ ವಾಲಿಕೊಂಡು.