ಮೂಲಿಕೆಯ ಪುಸ್ತಕ ಯಾವ ಭಾಷೆಯಲ್ಲಿರಬೇಕು?

ಕಳೆದ ವರ್ಷ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ, ಅವರ ಕೈಗೆ ಕೊಟ್ಟಿದ್ದ ನಾಲ್ಕು ಪುಟಗಳ ಡಿಸ್ಚಾರ್ಜ್ ಕಾಗದದಲ್ಲಿ ಒಂದಕ್ಷರ ಕನ್ನಡವಿರಲಿಲ್ಲ. ಜೀವಮಾನವಿಡೀ ಕನ್ನಡದಲ್ಲೇ ಓದಿ ಬರೆದ ಅವರು ತಮ್ಮದೇ ದೇಹದ ವಿವರವನ್ನು ನನ್ನಿಂದ ಓದಿಸಿ ಕೇಳಬೇಕಾಯಿತು. ಕನ್ನಡದಲ್ಲಿ ಬರೆದುಕೊಡಲು ಸಾಧ್ಯವೇ ಎಂದು ಕೇಳಿದ್ದಕ್ಕೆ, ಜನ ಅರ್ಧಂಬರ್ಧ ತಿಳಿದುಕೊಂಡು ತಾವೇ ಮದ್ದು ಮಾಡಿಕೊಳ್ಳಲು ಹೊರಡುತ್ತಾರೆ ಎಂಬ ಉತ್ತರ ಬಂದಿತ್ತು.

ಈ ಉತ್ತರ ಬಹಳ ಹಳೆಯದು. ಸ್ವತಃ ವೈದ್ಯನಾಗಿದ್ದ ಇಂಗ್ಲೆಂಡಿನ ವಿಲಿಯಂ ಟರ್ನರ್ 1551ರಲ್ಲಿ ತನ್ನ ಮೂಲಿಕೆ ಗ್ರಂಥದ ಮೊದಲ ಭಾಗವನ್ನು ವಿದ್ವಾಂಸರ ಭಾಷೆಯಾಗಿದ್ದ ಲ್ಯಾಟಿನ್ ಬಿಟ್ಟು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದಾಗ, ಇನ್ನು ಮುದುಕಿಯರೂ ವೈದ್ಯ ಮಾಡಿ ಜನರನ್ನು ಕೊಲ್ಲುತ್ತಾರೆ ಎಂಬ ಆಕ್ಷೇಪ ಬರುತ್ತದೆಂದು ಅವನಿಗೆ ಗೊತ್ತಿತ್ತು. ಮುನ್ನುಡಿಯಲ್ಲಿ ಅವನು ಕೊಟ್ಟ ಉತ್ತರವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮೂಲಿಕೆಗಳ ಬಗ್ಗೆ ಬರೆದ ಪ್ರಾಚೀನ ವೈದ್ಯ ಡಯಾಸ್ಕೊರಿಡಿಸ್ ಗ್ರೀಕರಿಗಾಗಿ ಬರೆದದ್ದು ಗ್ರೀಕರ ಆಡುಮಾತಿನಲ್ಲೇ ಅಲ್ಲವೇ? ಲ್ಯಾಟಿನ್ ಗ್ರಂಥಗಳು ಅರ್ಥವಾಗುವ ಔಷಧದಂಗಡಿಯವರು ಇಂಗ್ಲೆಂಡಿನಲ್ಲಿ ಎಷ್ಟು ಮಂದಿ? ವೈದ್ಯರು ಅಂಗಡಿಯವನನ್ನು ನಂಬುತ್ತಾರೆ, ಅಂಗಡಿಯವನು ಸೊಪ್ಪು ಬೇರು ಕಿತ್ತು ತರುವ ಮುದುಕಿಯರನ್ನು ನಂಬುತ್ತಾನೆ. ಹಾಗಿರುವಾಗ ಅಪಾಯವಿರುವುದು ಪುಸ್ತಕ ಇಂಗ್ಲಿಷಿನಲ್ಲಿದ್ದರೋ, ಇಲ್ಲದಿದ್ದರೋ?

ಮುಂದಿನ ಶತಮಾನದಲ್ಲಿ ಈ ಜಗಳ ಇನ್ನಷ್ಟು ಕಾವೇರಿತು. ಲಂಡನ್ನಿನ ವೈದ್ಯರ ಕಾಲೇಜು 1618ರಲ್ಲಿ ಔಷಧಗಳ ಅಧಿಕೃತ ಗ್ರಂಥವನ್ನು ಲ್ಯಾಟಿನ್ನಿನಲ್ಲಿ ಹೊರಡಿಸಿತ್ತು. ಅಂಗಡಿಯವನು ಅದರಂತೆ ಮದ್ದು ಅರೆಯಬೇಕು, ರೋಗಿ ದುಡ್ಡು ಕೊಟ್ಟು ಕುಡಿಯಬೇಕು; ಅದರಲ್ಲಿರುವ ಗಿಡ ಅವನ ಬೇಲಿಯಲ್ಲೇ ಬೆಳೆದಿದ್ದರೂ ಅವನಿಗೆ ತಿಳಿಯುವಂತಿರಲಿಲ್ಲ. ಅರಸನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ ಮುದ್ರಣದ ಮೇಲಿನ ಹಿಡಿತ ಸಡಿಲವಾದಾಗ, ಔಷಧದಂಗಡಿಯಲ್ಲಿ ಕೆಲಸ ಕಲಿತು, ಸಂಸತ್ತಿನ ಪರವಾಗಿ ಹೋರಾಡಿ ಗಾಯಗೊಂಡಿದ್ದ ನಿಕೋಲಸ್ ಕಲ್ಪೆಪರ್ ಆ ಗ್ರಂಥವನ್ನು ಇಂಗ್ಲಿಷಿಗೆ ತಂದು 1649ರಲ್ಲಿ ಪ್ರಕಟಿಸಿಯೇಬಿಟ್ಟ. ಅರಸನ ಪಕ್ಷದ ಪತ್ರಿಕೆಯೊಂದು ಅವನನ್ನು ಕುಡುಕನೆಂದು ಜರೆಯಿತು. ಮೂರು ವರ್ಷಗಳ ನಂತರ, 1652ರಲ್ಲಿ, ಅವನು ಇಂಗ್ಲೆಂಡಿನ ನೆಲದಲ್ಲಿ ಬೆಳೆಯುವ ಗಿಡಗಳನ್ನೇ ಕುರಿತು ಪುಸ್ತಕ ಬರೆದ. ಜಾನ್ ಜೆರಾರ್ಡನ 1597ರ ಮೂಲಿಕೆ ಗ್ರಂಥ ಸುಮಾರು 1,800 ಮರದಚ್ಚಿನ ಚಿತ್ರಗಳಿದ್ದ, ಉಳ್ಳವರ ಮನೆಗೆ ಮಾತ್ರ ಸೇರಬಲ್ಲ ಭಾರೀ ಸಂಪುಟ. ಕಲ್ಪೆಪರನ ಪುಸ್ತಕದಲ್ಲಿ ಚಿತ್ರಗಳೇ ಇರಲಿಲ್ಲ. ಆದ್ದರಿಂದ ಅದು ಬಡವನ ಕೈಗೂ ಎಟುಕಿತು.

ಹಳದಿ ಹೂವಿನ ಡ್ಯಾಂಡೆಲಿಯನ್ ಎಂಬ ಕಳೆಗಿಡದ ಗುಣಗಳನ್ನು ಹೇಳುತ್ತಾ ಅವನು ನಡುವೆ ಸಿಟ್ಟಾಗುತ್ತಾನೆ: ಫ್ರೆಂಚರೂ ಡಚ್ಚರೂ ವಸಂತದಲ್ಲಿ ಇದನ್ನು ತಿನ್ನುತ್ತಾರೆ, ಏಕೆಂದರೆ ಅಲ್ಲಿನ ವೈದ್ಯರು ನಮ್ಮವರಷ್ಟು ಸ್ವಾರ್ಥಿಗಳಲ್ಲ, ಗಿಡದ ಗುಣವನ್ನು ಜನರಿಗೆ ತಿಳಿಸುತ್ತಾರೆ ಎನ್ನುತ್ತಾನೆ. ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಗೆ ಬಂದಾಗ, ಇದು ಎಲ್ಲರಿಗೂ ಗೊತ್ತಿರುವುದರಿಂದ ವರ್ಣನೆ ಬೇಕಿಲ್ಲ ಎಂದು ಮುಂದೆ ಹೋಗುತ್ತಾನೆ. ಓದುವವನಿಗೆ ಮೊದಲೇ ಒಂದಿಷ್ಟು ತಿಳಿದಿದೆ ಎಂದು ಒಪ್ಪಿಕೊಂಡು ಮಾತನಾಡುವ ಈ ರೀತಿ ನನಗೆ ತುಂಬಾ ಹಿಡಿಸುತ್ತದೆ.

ಅವನ ಮದ್ದುಗಳನ್ನು ಇಂದು ಯಾರೂ ನಂಬಿ ಕುಡಿಯಬಾರದು. ಪ್ರತಿ ಗಿಡಕ್ಕೂ ಒಂದು ಗ್ರಹವನ್ನು ಒಡೆಯನನ್ನಾಗಿ ಮಾಡಿದವನು ಅವನು. ನನ್ನ ವಾದವಿರುವುದು ತಿಳಿಯುವ ಹಕ್ಕಿನ ಬಗ್ಗೆ ಮಾತ್ರ.

ಒಂದು ಅಸಮಾಧಾನ ಹಾಗೆಯೇ ಉಳಿದಿದೆ. ವೈದ್ಯರ ವಿದ್ಯೆಯೆಲ್ಲ ಕಡೆಗೆ ಯಾರ ಕಣ್ಣನ್ನು ನಂಬಿ ನಿಂತಿತ್ತೆಂದು ಟರ್ನರನೇ ಬರೆದಿದ್ದಾನೆ. ಬೇರು ಕಿತ್ತು ತಂದ ಆ ಹೆಂಗಸರಲ್ಲಿ ಒಬ್ಬಳ ಹೆಸರನ್ನೂ ಅವನು ಬರೆಯಲಿಲ್ಲ.