ಮಡಿಕೇರಿಯವರಾ ನೀವು?

ನಾನು ವರ್ಗವಾಗಿ ಮಡಿಕೇರಿಗೆ ಬಂದು 12 ವರ್ಷವಾಯಿತು. ಈ 12 ವರ್ಷದಲ್ಲಿ ನಾನು ಹತ್ತಿದ ಅತಿ ಎತ್ತರದ ಜಾಗ ನಮ್ಮ ಆಫೀಸಿನ ಎರಡನೇ ಮಹಡಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಈ ಊರಲ್ಲಿ ಹಾಲು ತರಲು ಹೋಗುವಾಗಲೂ ಏರು, ತಗೊಂಡು ಬರುವಾಗಲೂ ಏರು. ಎರಡು ಕಡೆಗೂ ಹೇಗೆ ಏರಾಗುತ್ತದೆ ಎಂದು ಕೇಳಬೇಡಿ. ಮಡಿಕೇರಿಯಲ್ಲಿ ಆಗುತ್ತದೆ. ಇಷ್ಟೆಲ್ಲ ಹತ್ತಿದ ಮೇಲೆ ಭಾನುವಾರ ಬೇರೆ ಬೆಟ್ಟ ಹುಡುಕಿಕೊಂಡು ಹೋಗಬೇಕೆಂದು ಯಾರಿಗೆ ಅನಿಸುತ್ತದೆ?

ತೊಂದರೆ ಶುರುವಾದದ್ದು ಒಂದು ಫೋಟೊದಿಂದ. ಆಫೀಸಿನ ಸಹೋದ್ಯೋಗಿಯೊಬ್ಬರು ತಡಿಯಂಡಮೋಳ್ ಬೆಟ್ಟ ಹತ್ತಿ, ಮೇಲಿನಿಂದ ತೆಗೆದ ಫೋಟೊ ಕಳಿಸಿದ್ದರು. ಅಲೆ ಅಲೆಯಾಗಿ ಬೆಟ್ಟ, ಕಾಲ ಕೆಳಗೆ ಮೋಡ. ಚೆನ್ನಾಗಿತ್ತು. ಸುಮ್ನೆ ಹೆಂಡತಿ ಮನೆಯವರ ವಾಟ್ಸಾಪ್ ಗುಂಪಿಗೆ ದಾಟಿಸಿದೆ. ಕೆಳಗೆ ‘ಇವತ್ತಿನ ತಡಿಯಂಡಮೋಳ್’ ಎಂದು ಬರೆದೆ. ಅದರಲ್ಲಿ ಸುಳ್ಳೇನಿದೆ ಹೇಳಿ? ಹತ್ತಿದ್ದು ಯಾರು ಎಂದು ನಾನು ಬರೆಯಲಿಲ್ಲ, ಅವರೂ ಕೇಳಲಿಲ್ಲ. ಮಾವನವರು ‘ಭೇಷ್’ ಎಂದರು. ಹೆಂಡತಿ ಅಡುಗೆಮನೆಯಿಂದ ಇಣುಕಿ, ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಏನೂ ಹೇಳದೆ ಒಳಗೆ ಹೋದಳು.

ದಸರಾ ಬಂತು. ದಶಮಂಟಪದ ಮೆರವಣಿಗೆ ನೋಡಲು ಜನ ತುಂಬಿ ಮಡಿಕೇರಿಯಲ್ಲಿ ರೂಮು ಸಿಗುವುದೇ ಕಷ್ಟ. ಹಾಗಾಗಿ ನಮ್ಮ ಮನೆಗೆ ನೆಂಟರು ತಪ್ಪುವುದಿಲ್ಲ. ಈ ಸಲ ಬೆಂಗಳೂರಿನಿಂದ ಬಾಮೈದ ಹತ್ತು ವರ್ಷದ ಮಗನನ್ನು ಕರೆದುಕೊಂಡು ಎರಡು ದಿನ ಮೊದಲೇ ಬಂದಿಳಿದ. ಚೀಲ ಇಡುವ ಮೊದಲೇ, “ಭಾವ, ನಾಳೆ ತಡಿಯಂಡಮೋಳ್. ಬುಕಿಂಗ್ ಆಗಿದೆ. ನೀವಿದ್ದೀರಲ್ಲ, ಗೈಡ್ ಯಾಕೆ ಬೇಕು?” ಎಂದ.

ಹೆಂಡತಿ ಕಡೆಗೆ ನೋಡಿದೆ. “ಹೋಗಿ ಬನ್ನಿ. ನಾನು ಮನೇಲಿದ್ದು ಅಡುಗೆ ಮಾಡ್ತೀನಿ” ಎಂದಳು. ಮದುವೆಯಾದ ಮೇಲೆ ಅವಳು ಅಡುಗೆಗೆ ಅಷ್ಟು ಉತ್ಸಾಹ ತೋರಿಸಿದ್ದನ್ನು ನಾನು ನೋಡಿರಲಿಲ್ಲ. ಜಿಗಣೆಗೆ ಅಂತ ಒಂದು ಪೊಟ್ಟಣ ಉಪ್ಪು ಕಟ್ಟಿಕೊಟ್ಟಳು.

ಬೆಳಿಗ್ಗೆ ನಾಪೋಕ್ಲು ದಾಟಿ ಕಕ್ಕಬ್ಬೆಗೆ ಬಂದೆವು. ಅಲ್ಲಿಂದ ಮೇಲಕ್ಕೆ ನಾಲ್ಕುನಾಡು ಅರಮನೆ. ರಾತ್ರಿ ಒಂದು ಗಂಟೆಯವರೆಗೆ ಓದಿಕೊಂಡಿದ್ದನ್ನೆಲ್ಲ ಅಲ್ಲಿ ಒದರಿದೆ. 1792ರಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಎರಡು ಅಂತಸ್ತು, ಗೋಡೆಯ ಮೇಲಿನ ಚಿತ್ರ ನೋಡು. 1834ರಲ್ಲಿ ಬ್ರಿಟಿಷರು ಬಂದಾಗ ಕೊನೆಯ ಅರಸ ಚಿಕವೀರರಾಜೇಂದ್ರ ಓಡಿ ಬಂದದ್ದೂ ಇಲ್ಲಿಗೇ. ಬಾಮೈದನ ಕಣ್ಣಲ್ಲಿ ಗೌರವ ಕಂಡಿತು. ಹುಡುಗ ಮಾತ್ರ, “ಮಾವ, ಇಲ್ಲಿಗೇ ಯಾಕೆ ಬಂದ?” ಎಂದು ಕೇಳಿದ.

“ಕಾಡು ಕಣೋ. ಇಲ್ಲಿ ಯಾರಿಗೂ ಬೇಗ ದಾರಿ ಗೊತ್ತಾಗಲ್ಲ” ಎಂದೆ.

ಈ ಮಾತು ಎಷ್ಟು ನಿಜ ಎಂದು ತಿಳಿಯಲು ನನಗೆ ಅರ್ಧ ಗಂಟೆ ಸಾಕಾಯಿತು.

ಗೇಟಿನಲ್ಲಿ ಹೆಸರು ಬರೆಸಿ ಜೀಪಿನ ಹಾದಿ ಹಿಡಿದೆವು. ಬಾಮೈದನ ಕಾಲಲ್ಲಿ ಒಂಬತ್ತು ಸಾವಿರದ ಶೂ, ಕೈಯಲ್ಲಿ ಹೆಜ್ಜೆಯನ್ನೂ ಎದೆಬಡಿತವನ್ನೂ ಎಣಿಸುವ ವಾಚು. ಐದು ನಿಮಿಷಕ್ಕೊಮ್ಮೆ “ಭಾವ, ನನ್ನದು 142, ನಿಮ್ಮದೆಷ್ಟು?” ಎನ್ನುತ್ತಿದ್ದ. ನನ್ನದು ಕಿವಿಯಲ್ಲೇ ಕೇಳುತ್ತಿತ್ತು, ಎಣಿಸಲು ವಾಚು ಬೇಕಿರಲಿಲ್ಲ.

ಒಂದು ಕಡೆ ದಾರಿ ಕವಲಾಯಿತು. ಗೈಡ್ ಆದವನು ನಿಂತು ಯೋಚಿಸಬಾರದು ಅಲ್ವಾ? ಎಡಕ್ಕೆ ತಿರುಗಿದೆ. ಎಡದ ದಾರಿ ಸ್ವಲ್ಪ ಇಳಿಜಾರಿತ್ತು ಎಂಬುದಷ್ಟೇ ಕಾರಣ.

ಇಲ್ಲಿ ಜಿಗಣೆಯ ವಿಷಯ ಹೇಳಬೇಕು. ಮಲೆನಾಡಿನ ಕೆಲವು ಕಡೆ ಇಂಬಳ ಎನ್ನುತ್ತಾರೆ. ಸಾಲಾಗಿ ನಡೆಯುವಾಗ ಮೊದಲನೆಯವನ ಹೆಜ್ಜೆಗೆ ಅದಕ್ಕೆ ಎಚ್ಚರವಾಗುತ್ತದಂತೆ, ಎರಡನೆಯವನಿಗೆ ತಲೆ ಎತ್ತುತ್ತದಂತೆ, ಮೂರನೆಯವನಿಗೆ ಹತ್ತುತ್ತದಂತೆ. ನೆಲದ ನಡುಕ, ನಮ್ಮ ಉಸಿರು, ಮೈಶಾಖ ಎಲ್ಲ ಅದಕ್ಕೆ ತಿಳಿಯುತ್ತದೆ. ಆದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಹುರುಳಿರಬಹುದು. ಗೈಡ್ ಪಟ್ಟದಿಂದ ನನಗಾದ ಒಂದೇ ಲಾಭ ಇದು. ನಾನು ಮೊದಲು, ಹುಡುಗ ನಡುವೆ, ಒಂಬತ್ತು ಸಾವಿರದ ಶೂ ಕೊನೆಗೆ.

ದಾರಿ ಕಿರಿದಾಗುತ್ತಾ ಹೋಯಿತು. ಆಮೇಲೆ ಕಾಫಿ ಗಿಡ ಬಂತು. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಬಂತು. ಬಾಮೈದ ಅನುಮಾನದಿಂದ, “ಭಾವ, ಬೆಟ್ಟದ ಮೇಲೂ ಕಾಫಿ ಬೆಳೀತಾರಾ?” ಎಂದ. “ಕೊಡಗಲ್ವಾ, ಎಲ್ಲಾ ಕಡೆ ಬೆಳೀತಾರೆ” ಎಂದೆ. ಅಷ್ಟರಲ್ಲಿ ನಾಯಿಗಳು ಬಂದವು. ಮೂರು. ಅವುಗಳ ಹಿಂದೆ ಬಿಳಿ ಮೀಸೆಯ ತೋಟದ ಯಜಮಾನರು ಬಂದರು.

“ಎಲ್ಲಿಗೆ ಹೋಗ್ಬೇಕಿತ್ತು ನೀವು?”

“ತಡಿಯಂಡಮೋಳಿಗೆ.”

ಅವರು ಕೈಯೆತ್ತಿ, ನಾವು ಬಂದ ದಿಕ್ಕಿಗೇ ತೋರಿಸಿದರು. “ಯಾವ ಊರಾಯ್ತು?”

ಬಾಮೈದ ಎದೆಯುಬ್ಬಿಸಿ, “ನಾವು ಬೆಂಗಳೂರು. ಭಾವ ಮಡಿಕೇರಿಯವರು” ಎಂದ.

“ಮಡಿಕೇರಿಯವರಾ ನೀವು?” ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾಯಿಗಳೂ ನೋಡಿದವು.

ಮಾತು ತಿರುಗಿಸಲು, “ನೀವು ಎಷ್ಟು ಸಲ ಹತ್ತಿದ್ದೀರಿ?” ಎಂದು ಕೇಳಿದೆ.

“ಒಂದು ಸಲ. ಚಿಕ್ಕವನಿದ್ದಾಗ ದನ ತಪ್ಪಿಸಿಕೊಂಡಿತ್ತು.” ಸ್ವಲ್ಪ ತಡೆದು, “ದನ ತಪ್ಪಿಸಿಕೊಳ್ಳದೆ ಸುಮ್ನೆ ಯಾಕೆ ಹತ್ತೋದು?” ಎಂದರು. ಆ ಇಡೀ ದಿನ ನನ್ನ ಮನಸ್ಸಿಗೆ ಹಿಡಿಸಿದ ಮಾತು ಅದೊಂದೇ. ಕಾಲು ಮುಟ್ಟಿ ನಮಸ್ಕಾರ ಮಾಡೋಣ ಅನಿಸಿತು, ನಾಯಿಗಳಿದ್ದವು.

ಹಿಂದಕ್ಕೆ ತಿರುಗಿದೆವು. ಸಾಲೂ ತಿರುಗಿತು. ಕೊನೆಯವನಾಗಿದ್ದ ಬಾಮೈದ ಈಗ ಮೊದಲು. ಮೊದಲಿದ್ದ ನಾನು ಮೂರನೆಯವನು.

ಕವಲಿಗೆ ಬರುವಷ್ಟರಲ್ಲಿ ಕಾಲುಚೀಲದೊಳಗೆ ಏನೋ ತಣ್ಣಗೆ ಅನಿಸಿತು. ಪ್ಯಾಂಟು ಮೇಲೆತ್ತಿದೆ. ಎಣಿಸಿದೆ. ಹನ್ನೊಂದು. ಕಚ್ಚಿದ್ದು ಗೊತ್ತೇ ಆಗಿರಲಿಲ್ಲ. ಇರುವೆಗೂ ಇಷ್ಟು ಸೌಜನ್ಯವಿಲ್ಲ.

“ಉಪ್ಪು ಎಲ್ಲಿ?” ಎಂದೆ.

ಹುಡುಗ ತಲೆ ತಗ್ಗಿಸಿದ. ಕಕ್ಕಬ್ಬೆಯಲ್ಲಿ ಕೊಂಡ ಸೀಬೆಕಾಯಿಗೆ ಅಷ್ಟೂ ಉಪ್ಪು ಖರ್ಚಾಗಿತ್ತು. ಒಂದು ಚೂರು ನನಗೂ ಕೊಟ್ಟಿದ್ದ. ರುಚಿಯಾಗಿತ್ತು ಎಂದು ನಾನೇ ಹೊಗಳಿದ್ದೆ.

ಉಗುರಿನಿಂದ ಒಂದೊಂದನ್ನೇ ಬಿಡಿಸಿದೆವು. ಜಿಗಣೆ ಬಿಟ್ಟರೂ ರಕ್ತ ಬಿಡುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪದಾರ್ಥವಿದೆ. ಈ ಮಾಹಿತಿಯನ್ನು ಬಾಮೈದ ಫೋನಿನಲ್ಲಿ ಹುಡುಕಿ, ಬಹಳ ಆಸಕ್ತಿಯಿಂದ ನನಗೇ ಓದಿ ಹೇಳಿದ. ಅವನಿಗೆ ಒಂದೂ ಹತ್ತಿರಲಿಲ್ಲ. ಶೂ ಒಳ್ಳೆಯದೇ ಇರಬೇಕು.

ಆಮೇಲೆ ಹತ್ತಿದ್ದನ್ನು ಜಾಸ್ತಿ ವಿವರಿಸುವುದಿಲ್ಲ. ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು, ಕೊನೆಯಲ್ಲಿ ಮರದ ಬೇರು ಹಿಡಿದು ಏರುವ ಕಡಿದಾದ ದಾರಿ. ಹುಡುಗ ಮೇಕೆಮರಿಯಂತೆ ಮುಂದೆ ಹೋದ. ನಾನು ದೇವರ ಹೆಸರುಗಳನ್ನು ನೆನಪಿಸಿಕೊಳ್ಳುತ್ತಾ ಹೋದೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ಹತ್ತಿರದಲ್ಲೇ ಇದ್ದಾನೆ ಎಂಬ ಧೈರ್ಯವೊಂದಿತ್ತು.

ತುದಿ ತಲುಪಿದೆವು. ಕೊಡಗಿನ ಅತಿ ಎತ್ತರದ ಜಾಗ, 1748 ಮೀಟರ್. ಬಾಮೈದನ ವಾಚು 1739 ಎಂದಿತು. ಉಳಿದ ಒಂಬತ್ತು ಮೀಟರ್ ಹುಡುಕಿಕೊಂಡು ಅವನು ಸಿಕ್ಕ ಬಂಡೆಯನ್ನೆಲ್ಲ ಹತ್ತಿ ಇಳಿದ. ನಾನು ಕೂತಲ್ಲೇ ಕೂತಿದ್ದೆ. ನೋಡಲು ಏನಾದರೂ ಇದ್ದರೆ ತಾನೇ? ಸುತ್ತ ಮಂಜು. ನನ್ನ ಶೂ ಕಾಣುತ್ತಿತ್ತು, ಅದರ ಆಚೆಗೆ ಕೊಡಗು ಮುಗಿದಿತ್ತು.

“ಮಾವ, ಏನೂ ಕಾಣಲ್ವಲ್ಲ” ಎಂದ ಹುಡುಗ. ಮುಖ ಸಣ್ಣದಾಗಿತ್ತು. ಪಾಪ ಅನಿಸಿ ಫೋನು ತೆಗೆದು, ಆ ಹಳೆಯ ಫೋಟೊ ತೋರಿಸಿದೆ. “ನೋಡು, ಮಂಜಿಲ್ಲದಿದ್ದರೆ ಇದೆಲ್ಲ ಕಾಣುತ್ತಿತ್ತು.”

ಅವನು ಎರಡು ಬೆರಳಿಂದ ಫೋಟೊ ಹಿಗ್ಗಿಸಿ ನೋಡಿದ. “ಮಾವ, ಮೂಲೆಯಲ್ಲಿ ಒಂದು ಬೆರಳು ಬಂದಿದೆ. ಕೆಂಪು ಉಂಗುರ ಇದೆ. ನಿಮ್ಮ ಕೈಯಲ್ಲಿ ಉಂಗುರಾನೇ ಇಲ್ವಲ್ಲ?”

ಬಾಮೈದ ಬಂಡೆಯ ಮೇಲಿಂದ ನಿಧಾನಕ್ಕೆ ಇಳಿದು ಬಂದ. ಏನೂ ಹೇಳಲಿಲ್ಲ. ವಾಚು ನೋಡಿಕೊಂಡು, “ಭಾವ, ನಿಮ್ಮದು ಈಗ ಎಷ್ಟಿರಬಹುದು?” ಎಂದನಷ್ಟೇ.

ಇಳಿದು ಕಕ್ಕಬ್ಬೆಗೆ ಬಂದಾಗ ನನ್ನ ಪ್ಯಾಂಟು ನೋಡಿ ಹೋಟೆಲಿನ ಅಮ್ಮ ಗಾಬರಿಯಾದರು. ಜಿಗಣೆ ಎಂದ ಮೇಲೆ ಸಮಾಧಾನವಾಗಿ, ಹಳೆಯ ಪೇಪರು ಚೂರು ಚೂರು ಹರಿದು ಕೊಟ್ಟರು. ಗಾಯಕ್ಕೆ ಅಂಟಿಸಿದರೆ ರಕ್ತ ನಿಲ್ಲುತ್ತದೆ. ಎಡಗಾಲಿಗೆ ರಾಜಕೀಯ, ಬಲಗಾಲಿಗೆ ಕ್ರಿಕೆಟ್ ಅಂಟಿಸಿಕೊಂಡು ಕಾಫಿ ಕುಡಿದೆ. ಮಂಡಿಯ ಹತ್ತಿರ ಒಂದು ಶ್ರದ್ಧಾಂಜಲಿಯೂ ಇತ್ತು.

ಮನೆಗೆ ಬಂದರೆ ಅಡುಗೆ ಆಗಿರಲಿಲ್ಲ. “ನೀವು ಇಷ್ಟು ಬೇಗ ಬರ್ತೀರಿ ಅಂದುಕೊಳ್ಳಲಿಲ್ಲ” ಎಂದಳು ಹೆಂಡತಿ. ರಾತ್ರಿ ಎಂಟೂವರೆಯಾಗಿತ್ತು.

ಮಲಗುವ ಮೊದಲು, ಬೆಟ್ಟದ ತುದಿಯಲ್ಲಿ ನಾನೇ ತೆಗೆದ ಒಂದು ಫೋಟೊವನ್ನು ಆ ಸಹೋದ್ಯೋಗಿಗೆ ಕಳಿಸಿದೆ. ಕೆಳಗೆ ‘ಇವತ್ತಿನ ತಡಿಯಂಡಮೋಳ್’ ಎಂದು ಬರೆದೆ. ಈ ಸಲ ನೂರಕ್ಕೆ ನೂರು ನಿಜ. ಎರಡು ನಿಮಿಷಕ್ಕೆ ಉತ್ತರ ಬಂತು.

‘ಬರೀ ಬಿಳಿ ಕಾಣ್ತಿದೆ ಸಾರ್. ಫೋಟೊ ಡೌನ್‌ಲೋಡ್ ಆಗ್ತಿಲ್ಲ. ಇನ್ನೊಂದ್ಸಲ ಕಳಿಸಿ.’